ಬೆಲ್ಟಿಗೆ ಹಚ್ಚಿದ ಸೋಪು

ಓಡುತ್ತಿದ್ದ ಬೆಲ್ಟಿಗೆ ಸೋಪನ್ನು ಒತ್ತಿ ಹಿಡಿದ ಕೂಡಲೇ ಕಾರಿನ ಕಿರುಚಾಟ ನಿಂತಿತು. ಹಟ ಹಿಡಿದು ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ, ಒಮ್ಮೆಗೇ.

"ಏನಾದರೂ ಕೇಳಿಸ್ತಿದೆಯಾ?" ಎಂದು ಗಂಡ ಬಾನೆಟ್ಟಿನ ಅಡಿಯಿಂದ ತಲೆ ಹೊರಗೆ ಹಾಕಿದ.

"ಇಲ್ಲ," ಎಂದಳು ಪಕ್ಕದಲ್ಲಿ ನಿಂತಿದ್ದ ಹೆಂಡತಿ.

"ಮತ್ತೆ? ರಿಪೇರಿ ಆಯ್ತು."

ಅವನ ಕೈಯಲ್ಲಿದ್ದದ್ದು ಬಚ್ಚಲುಮನೆಯ ಸೋಪು. ಬೆಳಿಗ್ಗೆ ಅವಳು ಮೈಗೆ ಹಚ್ಚಿಕೊಂಡಿದ್ದ ಅದೇ ಸೋಪಿನ ಮೇಲೆ ಈಗ ಕಪ್ಪು ಗೀರುಗಳು ಬಿದ್ದಿದ್ದವು, ಗೀರುಗಳ ನಡುವೆ ಒಂದು ಕೂದಲು ಅಂಟಿಕೊಂಡಿತ್ತು. ಅವನು ಅದನ್ನು ಪ್ಯಾಂಟಿಗೆ ಒರೆಸಿ, ಒಳಗೆ ಹೋಗಿ, ಡಬ್ಬಿಯಲ್ಲಿ ಇದ್ದ ಜಾಗದಲ್ಲೇ ಇಟ್ಟು ಬಂದ. 

ಬೀದಿಯವರು ಅವನಿಗೆ ಇಟ್ಟ ಹೆಸರು ಅಡ್ಜಸ್ಟು. ಎದುರಿಗೂ ಹಾಗೇ ಕರೆಯುತ್ತಿದ್ದರು, ಅವನೂ ಬಿರುದಿನ ಹಾಗೆ ಒಪ್ಪಿಕೊಂಡಿದ್ದ. ನಲ್ಲಿ ತೊಟ್ಟಿಕ್ಕಿದರೆ ಚಿಂದಿ ಕಟ್ಟುತ್ತಿದ್ದ, ಫ್ಯಾನು ಅಲುಗಿದರೆ ರಟ್ಟು ಸಿಕ್ಕಿಸುತ್ತಿದ್ದ. ಸದ್ದು ನಿಂತರೆ ಸಾಕು, ರೋಗ ಇದ್ದರೆ ಇರಲಿ. ಹೊಲಿಗೆ ಮಾಡಿ ಮನೆಯ ಅರ್ಧ ಭಾರ ಎಳೆಯುತ್ತಿದ್ದ ಅವಳು ಇಷ್ಟು ವರ್ಷ ಅದನ್ನೆಲ್ಲ ನಕ್ಕು ತಳ್ಳಿದ್ದಳು. ಮನೆಯೊಳಗಿನ ನಲ್ಲಿ, ಮನೆಯೊಳಗಿನ ಫ್ಯಾನು, ಅನುಭವಿಸುವವರೂ ಮನೆಯವರೇ.

ಆದರೆ ಈ ಕಾರು ಮಾರಾಟವಾಗಿ ನಾಳೆ ನಾದಿನಿಯ ಮನೆಗೆ ಹೋಗಬೇಕಾದದ್ದು. ಗಂಡನ ತಂಗಿ ಅವಳು, ಬೇರೆಯವರ ಶಾಲೆ ವ್ಯಾನು ಓಡಿಸಿ ಓಡಿಸಿ ಸಾಕಾಗಿ, ಸ್ವಂತ ಗಾಡಿಯಲ್ಲಿ ನರ್ಸರಿ ಮಕ್ಕಳನ್ನು ಕರೆದೊಯ್ಯುವ ಕೆಲಸ ಹಿಡಿದಿದ್ದಳು. ಅಣ್ಣನ ಕಾರು ಮೂರು ಲಕ್ಷ ಕಿಲೋಮೀಟರು ದಾಟಿದ ಮುದಿ ಎತ್ತು ಎಂದು ಅವಳಿಗೂ ಗೊತ್ತಿತ್ತು. ಅಣ್ಣ ಸಾಕಿದ ಎತ್ತು ತಾನೆ ಎಂದು ನಂಬಿದ್ದಳು. ಮಕ್ಕಳ ಮನೆಗಳಿದ್ದದ್ದು ಗುಡ್ಡದ ಮೇಲೆ, ಶಾಲೆ ಕೆಳಗೆ. ನಡುವೆ ತಿರುವುಗಳ ಇಳಿಜಾರು.

ಕಿರುಚಾಟ ನಿಂತಿತ್ತು, ನಿಜ. ಅದರ ಅಡಿಯಲ್ಲಿ ಇನ್ನೊಂದು ಸದ್ದಿತ್ತು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವವಳ ಕಿವಿಗೆ ಅದು ತಪ್ಪಲಿಲ್ಲ: ಗರಗರ, ಯಾರೋ ಕಲ್ಲು ಅಗಿಯುವ ಹಾಗೆ. ಬಗ್ಗಿ ನೋಡಿದಳು. ಬೆಲ್ಟು ಹಾದುಹೋಗುವ ಪುಲ್ಲಿಗಳಲ್ಲಿ ಚಿಕ್ಕದೊಂದು, ಸಡಿಲವಾದ ಹಲ್ಲಿನಂತೆ ಅಲ್ಲಾಡುತ್ತಲೇ ತಿರುಗುತ್ತಿತ್ತು.

ಅದೇನೆಂದು ಕೇಳಿದ್ದಕ್ಕೆ ಗಂಡ ಮುಚ್ಚುಮರೆಯಿಲ್ಲದೆ ಹೇಳಿದ. ಆ ಪುಲ್ಲಿಯ ಬೇರಿಂಗು ಹೋಗಿ ತಿಂಗಳಾಯಿತು. ಅದು ಹಿಡಿದುಕೊಂಡ ದಿನ ಬೆಲ್ಟು ಕಿತ್ತುಹೋಗುತ್ತದೆ. ಬೆಲ್ಟು ಹೋದರೆ ಸ್ಟೇರಿಂಗು ಕಲ್ಲಾಗುತ್ತದೆ, ಎಂಜಿನ್ನು ಕುದಿಯುತ್ತದೆ. ಪಕ್ಕದ ಬೀದಿಯ ಯಾರದೋ ಕಾಯಿಲೆಯ ವರ್ಣನೆ ಮಾಡುವವನಂತೆ ಉಗುರಿನ ಕೊಳೆ ತೆಗೆಯುತ್ತ ಹೇಳಿದ.

"ಗೊತ್ತಿದ್ದೂ ತಂಗಿಗೆ ಕೊಡ್ತೀರಾ?"

"ತಂಗಿ ಅಂತಲೇ ಕೊಡ್ತಿರೋದು. ಹೊರಗಿನೋರಾದ್ರೆ ಬಾನೆಟ್ ಎತ್ತಿ ನೋಡ್ತಾರೆ. ಅವಳು ನೋಡಲ್ಲ."

ಮರುದಿನ ಅವಳು ಬರಿಯ ನೀರು ಸುರಿದುಕೊಂಡು ಸ್ನಾನ ಮುಗಿಸಿದಳು. ನಾದಿನಿ ಒಮ್ಮೆ ಬಾನೆಟ್ ಎತ್ತಿಬಿಡಲಿ, ತಾನು ಬಾಯಿ ಬಿಡದೆಯೇ ಎಲ್ಲ ಬಯಲಾಗಲಿ ಎಂದು ಒಳಗೊಳಗೇ ಬಯಸುತ್ತಿದ್ದಳು. ಹಾಗೆ ಬಯಸುವುದೂ ಒಂದು ಬಗೆಯ ಅಡ್ಜಸ್ಟೇ ಎಂದು ಹೊಳೆದಾಗ ತನ್ನ ಮೇಲೂ ಹೇಸಿಗೆಯಾಯಿತು.

ಗಂಡ ಪೈಪು ಹಿಡಿದು ಕಾರನ್ನು ಮದುವೆಗೆ ಹೊರಟ ಮುದುಕನ ಹಾಗೆ ತೊಳೆದು ಸಿಂಗರಿಸುತ್ತಿದ್ದ. ಉತ್ಸಾಹ ಹೆಚ್ಚಾಗಿ ಬಾನೆಟ್ ಎತ್ತಿ ಒಳಗೂ ಎರಡು ಸಲ ನೀರು ಹಾಯಿಸಿದ.

ನಾದಿನಿ ಬಂದಳು. ಬೇರೆಯವರ ಗಾಡಿಯಾದರೆ ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡದೆ ಟೀ ಕೂಡ ಮುಟ್ಟದವಳು, ಇಲ್ಲಿ ನೇರವಾಗಿ ಹಿಂದಿನ ಬಾಗಿಲು ತೆಗೆದಳು. ಚೀಲದಿಂದ ಪುಟ್ಟ ಪುಟ್ಟ ದಿಂಬುಗಳನ್ನು ತೆಗೆದು ಸೀಟಿನ ಮೇಲೆ ಜೋಡಿಸಿದಳು. ಮಕ್ಕಳು ಗಿಡ್ಡ, ಕಿಟಕಿಯಾಚೆ ಏನೂ ಕಾಣುವುದಿಲ್ಲ, ಕಾಣದಿದ್ದರೆ ವಾಂತಿ ಮಾಡುತ್ತವೆ ಎಂದು ಅತ್ತಿಗೆಗೆ ವಿವರಿಸಿದಳು. ಆಮೇಲೆ ಮುಂದೆ ಕೂತು ಕೀಲಿ ತಿರುಗಿಸಿದಳು.

ಕಾರು ಕಿರುಚದೆ ಸ್ಟಾರ್ಟ್ ಆಯಿತು. ಗಂಡನ ಮುಖ ಅರಳಿತು. ಅಷ್ಟರಲ್ಲಿ ಮುಂಭಾಗದ ಅಡಿಯಿಂದ ಬಿಳಿ ನೊರೆ ಜೊಲ್ಲಿನ ಹಾಗೆ ಇಳಿದು ನೆಲದ ಮೇಲೆ ಗುಡ್ಡೆಯಾಗತೊಡಗಿತು.

"ಏನಣ್ಣ ಇದು, ಹಾಲು ಬೇರೆ ಕೊಡುತ್ತಾ?" ಎಂದಳು ನಾದಿನಿ ಕೆಳಗಿಳಿದು.

"ಈಗಷ್ಟೇ ತೊಳೆದೆನಲ್ಲ, ಸೋಪಿನ ನೀರು ಎಲ್ಲೋ ನಿಂತಿರುತ್ತೆ. ಅಲ್ವೇನೇ?"

ಈ 'ಅಲ್ವೇನೇ' ಅವಳಿಗೆ ಹಳೆಯದು. ಮನೆ ಮಾಲೀಕರ ಮುಂದೆ, ನೆಂಟರ ಮುಂದೆ, ಅವಳ ಸ್ವಂತ ಅಪ್ಪನ ಮುಂದೆ, ಅವನು ಹೇಳಿದ್ದಕ್ಕೆಲ್ಲ ಕೊನೆಯಲ್ಲಿ ಇದೊಂದು ಮೊಳೆ ಹೊಡೆಯುತ್ತಿದ್ದ, ಅವಳ ಕತ್ತು ತಾನಾಗಿ ಆಡುತ್ತಿತ್ತು. ಈಗಲೂ ಆಡಲು ಹೊರಟಿತ್ತು. ಕಣ್ಣು ಆ ದಿಂಬುಗಳ ಮೇಲೆ ಬಿತ್ತು.

"ಅಲ್ಲ," ಎಂದಳು. "ಬಾನೆಟ್ ಎತ್ತಿ ನೋಡು ನೀನು."

ಮಿಕ್ಕದ್ದನ್ನೂ ಹೇಳಿದಳು, ಅವನು ಹೇಳಿದ ಮಾತನ್ನು ಅವನ ಎದುರಿಗೇ. ನಾದಿನಿ ಕೂಗಾಡಲಿಲ್ಲ. ಎಂಜಿನ್ನು ಆರಿಸಿ, ಬಾನೆಟ್ ಎತ್ತಿ, ಬೆಲ್ಟಿನ ಮೇಲೆ ಬೆರಳೆಳೆದು ಮೂಸಿದಳು.

"ಒಳ್ಳೆ ಸೋಪೇ ಹಚ್ಚಿದ್ದೀಯ ಅಣ್ಣ. ನನ್ನ ಮೇಲೆ ಭಾರಿ ನಂಬಿಕೆ ನಿಂಗೆ."

"ಇನ್ನೊಂದು ತಿಂಗಳು ಆರಾಮಾಗಿ ಓಡ್ತಿತ್ತು."

"ಆಮೇಲೆ?"

ಆಮೇಲಿನದು ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಹೆಂಗಸರು ಸೇರಿದರೆ ಹೀಗೇ ಎಂದು ಗೊಣಗುತ್ತ ಒಳಗೆ ಹೋಗಿ ಟಿವಿ ಹಾಕಿಕೊಂಡ, ಬೀದಿಗೆಲ್ಲ ಕೇಳಿಸುವಷ್ಟು ಜೋರಾಗಿ.

ನಾದಿನಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಳು. ಬ್ಯಾಟರಿಯ ವೈರು ಬಿಚ್ಚಿದರು. ಬೆಲ್ಟನ್ನು ಬಿಗಿಹಿಡಿಯುವ ತೋಳಿಗೆ ಅವಳು ಉದ್ದನೆಯ ಸ್ಪ್ಯಾನರ್ ಕೊಟ್ಟು ಮೈಭಾರ ಬಿಟ್ಟಾಗ, ಅತ್ತಿಗೆ ಬೆಲ್ಟನ್ನು ಹೊರಗೆಳೆದಳು. ಅದು ಸತ್ತ ಹಾವಿನ ಹಾಗೆ ಕೈಮೇಲೆ ಬಿತ್ತು. ಸೋಪು, ರಬ್ಬರಿನ ಪುಡಿ, ಹಳೆಯ ಎಣ್ಣೆ ಎಲ್ಲ ಕಲೆತು ಕೀವಿನಂಥದೇನೋ ಬೆರಳ ಸಂದಿಗೆ ಇಳಿಯಿತು. ಆ ಚಿಕ್ಕ ಪುಲ್ಲಿಯನ್ನು ಬಿಚ್ಚಿ ತಿರುಗಿಸಿ ನೋಡಿದರೆ, ಒಳಗೆ ಗ್ರೀಸಿನ ಪಸೆಯೇ ಇಲ್ಲ. ತುಕ್ಕಿನ ಪುಡಿ ಅಂಗೈಗೆ ಉದುರಿತು. ಅದನ್ನೇ ಕಾಗದದಲ್ಲಿ ಸುತ್ತಿಕೊಂಡು ನಾದಿನಿ ಬಿಡಿಭಾಗದ ಅಂಗಡಿಗೆ ಹೋಗಿ ಹೊಸದನ್ನೂ ಹೊಸ ಬೆಲ್ಟನ್ನೂ ತಂದಳು.

ಪುಲ್ಲಿ ಸಲೀಸಾಗಿ ಕೂತಿತು. ಬೆಲ್ಟು ಕೂರಲಿಲ್ಲ. ಹಳೆಯದು ಯಾವ ದಾರಿಯಲ್ಲಿ ಸುತ್ತಿತ್ತು ಎಂದು ಬಿಚ್ಚುವಾಗ ಇಬ್ಬರೂ ನೋಡಿಟ್ಟುಕೊಂಡಿರಲಿಲ್ಲ. ಒಂದು ಸಲ ಗಿಡ್ಡವಾಯಿತು, ಇನ್ನೊಂದು ಸಲ ಜೋತುಬಿತ್ತು. ಒಳಗಿರುವವನನ್ನು ಕೇಳೋಣವೆ ಎಂದು ಇಬ್ಬರಿಗೂ ಅನ್ನಿಸಿತು. ಇಬ್ಬರೂ ಮತ್ತೆ ಬೆಲ್ಟಿಗೇ ಕೈ ಹಾಕಿದರು.

"ಬಟ್ಟೆಗೆ ಒಳಮೈ ಹೊರಮೈ ಇರುತ್ತಲ್ಲ," ಎಂದಳು ಅತ್ತಿಗೆ ಕೊನೆಗೆ, ಬೆಲ್ಟನ್ನು ಮಗುಚಿ ನೋಡುತ್ತ. "ಇದಕ್ಕೂ ಇದೆ. ಗೀರಿರೋ ಪುಲ್ಲಿಗೆ ಗೀರಿರೋ ಮೈ, ನುಣ್ಣಗಿರೋದಕ್ಕೆ ನುಣ್ಣಗಿರೋ ಮೈ. ಹಾಗೆ ಹಾಕಿ ನೋಡೋಣ."

ಹಾಗೆ ಹಾಕಿದಾಗ ದಾರಿ ತಾನಾಗಿ ತೋರಿತು. ಬ್ಯಾಟರಿಯ ವೈರು ಮತ್ತೆ ಸಿಕ್ಕಿಸಿ, ಕಾರು ಸ್ಟಾರ್ಟ್ ಮಾಡಿ ಇಬ್ಬರೂ ಬಗ್ಗಿ ಕಿವಿಗೊಟ್ಟರು. ಕಲ್ಲು ಅಗಿಯುವ ಸದ್ದು ಇರಲಿಲ್ಲ.

ಹೊರಡುವ ಮುಂಚೆ ನಾದಿನಿ ದಿಂಬುಗಳನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿ ಡಿಕ್ಕಿಯಲ್ಲಿಟ್ಟಳು. ಮೆಕ್ಯಾನಿಕ್ ಒಬ್ಬ ಮೇಲಿಂದ ಕೆಳಗೆ ನೋಡಿ ಹೂಂ ಅನ್ನುವವರೆಗೆ ಮಕ್ಕಳನ್ನು ಕೂರಿಸುವುದಿಲ್ಲ ಎಂದಳು. ಗಾಡಿ ಹಿಂದಕ್ಕೆ ತೆಗೆದವಳು ಕಿಟಕಿ ಇಳಿಸಿದಳು.

"ನೀವು ನಿನ್ನೆನೇ ಒಂದು ಫೋನ್ ಮಾಡಬಹುದಿತ್ತು, ಅತ್ತಿಗೆ."



ಕಾರು ಬೀದಿಯ ತಿರುವು ದಾಟಿದ ಮೇಲೆ ಗಂಡ ಹೊರಬಂದ. ಪಕ್ಕದ ಮನೆಯ ನಿವೃತ್ತ ಕಂಡಕ್ಟರು ಗೋಡೆಯಾಚೆಯಿಂದ, ಗಾಡಿ ಬೆಣ್ಣೆಯ ಹಾಗೆ ಹೋಯಿತಲ್ಲ ಅಡ್ಜಸ್ಟು ಎಂದು ಮೆಚ್ಚಿಕೊಂಡರು. ತಂಗಿಗೆ ಕೊಡುವಾಗ ಹಾಗೇ ಕೊಡುವುದಕ್ಕಾಗುತ್ತದೆಯೇ, ಪುಲ್ಲಿ ಬೆಲ್ಟು ಎಲ್ಲ ಹೊಸದು ಹಾಕಿದೆ ಎಂದು ಅವನು ಹೇಳುವುದು ಅವಳಿಗೆ ಅಡುಗೆಮನೆಯವರೆಗೂ ಕೇಳಿಸಿತು. ಹೇಳುವಾಗ ಅವನ ದನಿ ತಡವರಿಸಲೂ ಇಲ್ಲ.

ಅವನು ಬಂದು ಊಟಕ್ಕೆ ಕೂತ. ಅವಳು ತಟ್ಟೆ ಇಟ್ಟು ಬಡಿಸಲು ಬಗ್ಗಿದಳು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಬೆರಳ ಗೆರೆಗಳಲ್ಲಿ, ಉಗುರಿನ ಸುತ್ತ ಕಪ್ಪು ಕೂತೇ ಇತ್ತು. ಅವನು ತಟ್ಟೆಯನ್ನು ಹಿಂದಕ್ಕೆಳೆದುಕೊಂಡ.

"ಕೈ ನೋಡಿಕೊಂಡ್ಯಾ? ಊಟ ಸೇರುತ್ತಾ ಮನುಷ್ಯನಿಗೆ? ಅಸಹ್ಯ."

ಅವಳು ಕೈ ನೋಡಿಕೊಂಡಳು. ಸೌಟನ್ನು ಅವನ ಪಕ್ಕದಲ್ಲಿಟ್ಟಳು. ತನ್ನ ತಟ್ಟೆ ತಂದು, ಬಡಿಸಿಕೊಂಡು, ಅವನ ಎದುರಿಗೇ ಕೂತು ಆ ಕೈಯಲ್ಲೇ ಕಲಸಿ ಉಣ್ಣತೊಡಗಿದಳು. ಹಸಿವಾಗಿತ್ತು, ಊಟ ರುಚಿಯಾಗಿತ್ತು.

ಸೌಟಿನ ಹಿಡಿಯ ಮೇಲೆ ಅವಳ ಹೆಬ್ಬೆರಳಿನ ಕಪ್ಪು ಗುರುತು ಗೆರೆಗೆರೆಯಾಗಿ ಮೂಡಿತ್ತು. ಅವನು ಅದನ್ನು ಎಲ್ಲಿ ಹಿಡಿಯುವುದೆಂದು ನೋಡುತ್ತ ಕೂತ.