ಒಳಗಿನ ಕೆಂಡ, ಹೊರಗಿನ ಒಲೆ

ನನ್ನ ಅತ್ತೆ ರತ್ನಾವತಿಯ ಅಡುಗೆಮನೆಗೆ ಬಾಗಿಲು ಇರಲಿಲ್ಲ, ಆದರೆ ಹೊಸ್ತಿಲು ಇತ್ತು. ಮದುವೆಯಾಗಿ ಮಣ್ಣಗುಡ್ಡದ ಆ ಮನೆಗೆ ಬಂದ ಮೇಲೆ ನಾಲ್ಕು ವರ್ಷ ನಾನು ಆ ಹೊಸ್ತಿಲಿನ ಈಚೆಗೇ ಉಳಿದಿದ್ದೆ. ಕಾಯಿ ತುರಿಯುವುದು ನಾನು, ಅರೆಯುವ ಕಲ್ಲಿನ ಮುಂದೆ ಸೊಂಟ ಮುರಿಯುವುದು ನಾನು, ಬೆಕ್ಕುಗಳ ಜೊತೆ ಜಗಳವಾಡುತ್ತಾ ಮೀನು ಶುಚಿ ಮಾಡುವುದೂ ನಾನೇ. ಮಸಾಲೆ ಮಡಕೆಗೆ ಬೀಳುವ ಹೊತ್ತಿಗೆ ಮಾತ್ರ ಅತ್ತೆಯ ಕೈ ಮುಂದೆ ಬರುತ್ತಿತ್ತು.

"ಇಲ್ಲಿ ಕೊಡು. ನೀನು ಹೋಗಿ ಪಾತ್ರೆ ತೊಳೆ."

ಉಂಡವರೆಲ್ಲ ರತ್ನಾವತಿಯಕ್ಕನ ಕೈರುಚಿಯನ್ನು ಹಾಡಿ ಹೊಗಳಿ ಹೋಗುತ್ತಿದ್ದರು. ನನಗೂ ಎರಡು ಕೈಗಳಿವೆ, ಅವಕ್ಕೂ ಒಂದು ರುಚಿ ಇದ್ದೀತು ಎಂದು ಯಾರಿಗೂ ಹೊಳೆಯಲಿಲ್ಲ. ನಾನು ಚಿನ್ನ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ನನಗೆ ಬೇಕಾದದ್ದು ಒಂದು ಒಲೆ. ಅದರ ಮುಂದೆ ಕೂತು, ನನ್ನ ಮನಸ್ಸಿಗೆ ಬಂದಷ್ಟು ಹುಳಿ, ನನ್ನ ಮನಸ್ಸಿಗೆ ಬಂದಷ್ಟು ಖಾರ ಹಾಕಿ ಒಮ್ಮೆ ಅಡುಗೆ ಮಾಡಬೇಕು, ಅದನ್ನು ಜನ ಉಣ್ಣಬೇಕು. ಅಷ್ಟೇ.

ಆಗ ಯುದ್ಧದ ಕಾಲ. ಸೀಮೆಎಣ್ಣೆ ಇಲ್ಲ, ಬೆಂಕಿಪೆಟ್ಟಿಗೆ ಸಿಕ್ಕಿದವನೇ ಸಾಹುಕಾರ. ಆ ಮಳೆಗಾಲ ಮುಗಿಯುವ ಹೊತ್ತಿಗೆ ಬಂದರಿನ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ ನನ್ನ ಗಂಡ ದುಗ್ಗಪ್ಪನಿಗೆ ಜ್ವರ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಕಷಾಯ ಆಯಿತು, ಡಾಕ್ಟರರ ಬಾಟಲಿ ಮದ್ದು ಆಯಿತು. ಕೊನೆಗೆ ಅತ್ತೆ ಕದ್ರಿ ದೇವಸ್ಥಾನದ ದಿಕ್ಕಿಗೆ ತಿರುಗಿ ಕೈಮುಗಿದು ಹರಕೆ ಹೇಳಿದರು. "ನನ್ನ ಮಗ ಎದ್ದು ಕೂತರೆ ಮಕರ ಸಂಕ್ರಮಣದವರೆಗೆ ನನ್ನ ಒಲೆಗೆ ಮೀನು ಏರುವುದಿಲ್ಲ ದೇವರೇ!"

ಜ್ವರ ಇಳಿಯಿತು. ದೇವರು ಮಾತು ಉಳಿಸಿಕೊಂಡ, ಅತ್ತೆಯೂ ಉಳಿಸಿಕೊಂಡರು. ನಡುವೆ ಒಣಗಿದವನು ನನ್ನ ಗಂಡ. ಹುಟ್ಟಿದಂದಿನಿಂದ ಮೀನು ತಿಂದು ಬೆಳೆದ ಆಳು ಜ್ವರ ಬಿಟ್ಟ ಬಾಯಿಗೆ ದಿನವೂ ಸೌತೆಕಾಯಿ, ಬಸಳೆ, ಮತ್ತೆ ಸೌತೆಕಾಯಿ ಇಡಬೇಕಾಯಿತು. ಎರಡು ತುತ್ತು ಉಂಡು ಬಟ್ಟಲು ದೂರ ಸರಿಸುತ್ತಿದ್ದ. "ಗಂಟಲಿಗೆ ಇಳಿಯುವುದಿಲ್ಲ ಮಾರಾಯ್ತಿ, ನಾನೆಂತ ಮಾಡ್ಲಿ?" ದೇವರು ಉಳಿಸಿಕೊಟ್ಟ ಮಗನನ್ನು ಸೌತೆಕಾಯಿ ಕೊಲ್ಲುತ್ತಿತ್ತು. ಅವನ ಮಣಿಕಟ್ಟಿನ ಎಲುಬು ಎದ್ದು ಕಾಣುತ್ತಿತ್ತು.

ಹಿತ್ತಲಲ್ಲಿ ಹಳೆಯದೊಂದು ಸೀಮೆಎಣ್ಣೆ ಡಬ್ಬ ಬಿದ್ದಿತ್ತು. ಅದರ ಮೇಲಿನ ತಗಡು ಕತ್ತರಿಸಿ ತೆಗೆದೆ, ಬುಡದ ಹತ್ತಿರ ಪಕ್ಕಕ್ಕೆ ಒಂದು ತೂತು ಮಾಡಿದೆ. ಮಿಲ್ಲಿನಿಂದ ಗಂಡನ ಜೊತೆಯವರು ಒಂದು ಗೋಣಿ ಮರದ ಹುಡಿ ತಂದು ಹಾಕಿದರು. ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಪಕ್ಕದ ತೂತಿನಿಂದ ಬಾಟಲಿಯ ಬುಡಕ್ಕೆ ತಾಗುವಂತೆ ಒಂದು ಕೋಲು ತೂರಿಸಿ, ಸುತ್ತಲೂ ಹುಡಿ ತುಂಬಿ ಗುದ್ದಿ ಗುದ್ದಿ ಗಟ್ಟಿ ಮಾಡಬೇಕು. ಆಮೇಲೆ ಬಾಟಲಿಯನ್ನು ತಿರುಗಿಸುತ್ತಾ ಮೇಲೆತ್ತಬೇಕು, ಕೋಲನ್ನು ಮೆಲ್ಲ ಎಳೆಯಬೇಕು. ಒಳಗೆ ಗಾಳಿ ಓಡುವ ದಾರಿ ಉಳಿಯುತ್ತದೆ. ಮಿಲ್ಲಿನ ಆಳುಗಳ ಮನೆಗಳಲ್ಲೆಲ್ಲ ಇದ್ದದ್ದು ಈ ಹುಡಿ ಒಲೆಯೇ.

ಬೆಂಕಿ? ಅದಕ್ಕೆ ಅತ್ತೆಯ ಹೊಸ್ತಿಲಿಗೇ ಹೋಗಬೇಕಾಯಿತು.

"ಅತ್ತೆ, ಒಂದು ಕೆಂಡ ಕೊಡಿ."

"ಎಂತಕ್ಕೆ?"

"ಅಂಗಳದಲ್ಲಿ ಒಲೆ ಹಚ್ಚಲಿಕ್ಕೆ. ಹರಕೆ ಇರುವುದು ನಿಮ್ಮ ಒಲೆಗಲ್ವಾ? ಡಬ್ಬಕ್ಕೆ ಹರಕೆ ಇಲ್ಲವಲ್ಲ."

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಜಗಲಿಯಲ್ಲಿ ಗೋಡೆಗೆ ಒರಗಿ ಕೂತ ಮಗನನ್ನೂ ನೋಡಿದರು. ಆಮೇಲೆ ಇಕ್ಕಳದಲ್ಲಿ ಒಂದು ಕೆಂಡ ಹಿಡಿದು ನನ್ನ ಕೈಯ ತೆಂಗಿನ ಗೆರಟೆಗೆ ಹಾಕಿದರು. "ತೆಗೊಂಡು ಸಾಯಿ. ನನ್ನ ಮಡಕೆ ಮಾತ್ರ ಮುಟ್ಟಬೇಡ."

ಮೊದಲ ದಿನ ಹುಡಿ ಹಸಿಯಾಗಿತ್ತು. ಬಾಟಲಿ ಎತ್ತುತ್ತಲೇ ಒಳಗೆ ಕುಸಿದು ಹೊಗೆ ಎಷ್ಟು ಎದ್ದಿತೆಂದರೆ ಪಕ್ಕದ ಮನೆಯ ಗೆರ್ಟ್ರೂಡ್ ಬಾಯಿಯವರು ಬೆಂಕಿ ಬಿತ್ತೆಂದು ನೀರಿನ ಕೊಡಪಾನ ಹಿಡಿದು ಓಡಿ ಬಂದರು. ಅಡುಗೆಮನೆಯ ಕಿಟಕಿಯಿಂದ ಅತ್ತೆ ನಕ್ಕದ್ದು ನನಗೆ ಕೇಳಿಸಿತು. ಮರುದಿನ ಹುಡಿಯನ್ನು ಬಿಸಿಲಿಗೆ ಹರವಿ ಒಣಗಿಸಿ ತುಂಬಿದೆ. ಕೆಂಡ ಇಟ್ಟು ಊದಿದೆ. ಡಬ್ಬದ ನಡುವೆ ಕೆಂಪು ಬೆಂಕಿ ಶಬ್ದವಿಲ್ಲದೆ ಎದ್ದು ನಿಂತಿತು. ಹೊಗೆ ಇಲ್ಲ, ಮತ್ತೆ ಊದುವ ಕೆಲಸವಿಲ್ಲ. ಬಿಸಲೆ ಎಂಬ ಹೊಸ ಮಣ್ಣಿನ ಮಡಕೆ ಏರಿಸಿದೆ. ಬಂಗುಡೆ ಮೀನಿಗೆ ಹುಣಸೆಹುಳಿ, ಮೆಣಸು, ಶುಂಠಿ ಬಿದ್ದ ಮೇಲೆ ಪರಿಮಳ ಬೇಲಿ ಹಾರಿ ಬೀದಿಗೆ ಹೋಯಿತು.

ದುಗ್ಗಪ್ಪ ಆ ದಿನ ಗಂಜಿಯ ಬಟ್ಟಲನ್ನು ನೆಕ್ಕಿ ಇಟ್ಟ. "ಇನ್ನೊಂದು ಸೌಟು ಉಂಟಾ?" ಎಂದ. ನಾನು ಹಲಸಿನ ಮರದ ಹಿಂದೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಅಂದಿನಿಂದ ದಿನವೂ ಅದೇ ಕ್ರಮ. ಒಳಗಿನ ಒಲೆಯ ಕೆಂಡ ಗೊಣಗಾಟದೊಂದಿಗೆ ಗೆರಟೆಗೆ ಬೀಳುತ್ತಿತ್ತು. ಅನ್ನ ಒಳಗೆ ಬೇಯುತ್ತಿತ್ತು, ಮೀನು ಹೊರಗೆ ಬೇಯುತ್ತಿತ್ತು. ನನ್ನ ಗಂಡನ ಕೆನ್ನೆ ತುಂಬುತ್ತಾ ಬಂತು.

ಆದರೆ ನಮ್ಮ ಕಡೆ ಒಂದು ಮನೆ ಒಡೆಯಿತು ಎಂದು ಜನ ತಿಳಿಯುವುದು ಬೇಲಿ ನೋಡಿ ಅಲ್ಲ, ಕಾಗದ ಪತ್ರ ನೋಡಿಯೂ ಅಲ್ಲ. ಅಂಗಳದಲ್ಲಿ ಎರಡನೆಯ ಒಲೆ ಉರಿದರೆ ಸಾಕು, ಪಾಲಾಯಿತು ಎಂದೇ ಲೆಕ್ಕ. ಮೀನು ಮಾರುವ ಬಾಗಿ ಇದನ್ನು ನೋಡಿದಳು. ಬಾಗಿಯ ಬುಟ್ಟಿಯಲ್ಲಿ ಮೀನು ಒಂದೊಂದು ದಿನ ಹಳತಿರುತ್ತಿತ್ತು, ಸುದ್ದಿ ಎಂದೂ ಹಳತಿರುತ್ತಿರಲಿಲ್ಲ. ರತ್ನಾವತಿಯಕ್ಕನ ಸೊಸೆ ಬೇರೆ ಒಲೆ ಹೂಡಿದಳಂತೆ ಎಂಬ ಮಾತು ಬಾಯಿಂದ ಬಾಯಿಗೆ ಹಾರಿ ಬಜಪೆ ಮುಟ್ಟಿತು. ಬಜಪೆಯಲ್ಲಿ ಇದ್ದವರು ಅತ್ತೆಯ ಅಣ್ಣ ನೋಣಯ್ಯ. ನಮ್ಮದು ಅಳಿಯಸಂತಾನ. ತಾಯಿಯ ಅಣ್ಣನೇ ಯಜಮಾನ, ತಂಗಿಯ ಮನೆಯಲ್ಲಿ ಅವರ ಮಾತಿನ ಮೇಲೆ ಇನ್ನೊಂದು ಮಾತಿಲ್ಲ.

ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಕೊಡೆ ಊರಿಕೊಂಡು ಬಂದವರು ಜಗಲಿಯಲ್ಲಿ ಕೂತರು. ಇಟ್ಟ ಬೆಲ್ಲ ನೀರನ್ನು ಮುಟ್ಟಲಿಲ್ಲ. ಆಗಲೇ ನನಗೆ ಗೊತ್ತಾಯಿತು, ಬಂದದ್ದು ನೆಂಟರಾಗಿ ಅಲ್ಲ. ಬೀಡಿಗೆ ಮಾತ್ರ ಬೆಂಕಿ ಕೇಳಿದರು. ಅತ್ತೆ ಒಳಗಿನಿಂದ ಕೆಂಡ ತಂದು ಹಿಡಿದರು. ಯಜಮಾನರು ಒಂದು ದಮ್ಮು ಎಳೆದು ಅಂಗಳದ ಕಡೆ ನೋಡಿದರು. ನನ್ನ ಒಲೆಯ ಮೇಲೆ ಬಂಗುಡೆ ಕುದಿಯುತ್ತಿತ್ತು. ಬೇಲಿಯ ಆಚೆ ಬಾಗಿ ಬುಟ್ಟಿ ಇಳಿಸಿ ಆಯಾಸ ಪರಿಹರಿಸಿಕೊಳ್ಳುತ್ತಿದ್ದಳು, ಪಾಪ.

"ರತ್ನಾವತೀ, ಈ ಮನೆಯಲ್ಲಿ ಒಲೆ ಎಷ್ಟು?"

ಅತ್ತೆ ಉಳಿದ ಕೆಂಡವನ್ನು ಒಳಗೆ ಒಲೆಗೆ ಹಾಕಿ ಬಂದರು.

"ನಾನು ಬದುಕಿರುವಾಗ ನನ್ನ ತಂಗಿಯ ಮನೆ ಒಡೆಯಲಿಕ್ಕಿಲ್ಲ. ದುಗ್ಗಪ್ಪ, ಆ ಡಬ್ಬವನ್ನು ಎತ್ತಿ ಬಿಸಾಡು."

ನನ್ನ ಗಂಡ ಎದ್ದು ನಿಂತ. ನಿಂತೇ ಇದ್ದ. ಮಿಲ್ಲಿನಲ್ಲಿ ಆನೆ ಗಾತ್ರದ ಮರ ಹೊರಳಿಸುವವನು ಮಾವನ ಮುಂದೆ ಕಡ್ಡಿಯಂತಾಗುತ್ತಿದ್ದ. ಆ ಡಬ್ಬ ಹೋದರೆ ನಾನು ಮತ್ತೆ ಅರೆಯುವ ಕಲ್ಲಿಗೆ, ಸಾಯುವವರೆಗೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಒಲೆಗೆ ಅಡ್ಡವಾಗಿ ನಿಂತೆ.

"ಯಜಮಾನ್ರೇ, ಬಿಸಾಡುವ ಮೊದಲು ಒಂದು ಮಾತು ಕೇಳಿ. ಬೇರೆ ಒಲೆ ಹೂಡುವವಳು ಬೆಂಕಿಯನ್ನೂ ಬೇರೆ ಕಡೆಯಿಂದ ತರ್ತಾಳೆ. ಇದು ಬೇರೆ ಬೆಂಕಿ ಅಲ್ಲ. ದಿನಾ ಈ ಮನೆಯ ಒಲೆಯ ಕೆಂಡದಿಂದಲೇ ಹಚ್ತೇನೆ. ಬೆಂಕಿ ಒಂದೇ ಆದ್ರೆ ಮನೆ ಎರಡಾಗುವುದು ಹೇಗೆ?"

"ಕೆಂಡ ಯಾರು ಕೊಟ್ಟದ್ದು? ನೀನೇ ತೆಗೊಂಡದ್ದಾ?"

ಎಲ್ಲರ ಕಣ್ಣು ಅತ್ತೆಯ ಮೇಲೆ. ಹೌದು, ಅವಳೇ ತೆಗೊಂಡದ್ದು ಎಂದಿದ್ದರೆ ಮುಗಿಯಿತು. ನಾನು ಮನೆ ಮುರಿದವಳಷ್ಟೇ ಅಲ್ಲ, ಕಳ್ಳಿಯೂ ಆಗುತ್ತಿದ್ದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಗಳಿಗೆಯಲ್ಲಿ ಎರಡು ಕಾಲವೂ ಅತ್ತೆಯ ನಾಲಿಗೆಯ ತುದಿಯಲ್ಲಿದ್ದವು.

"ನಾನೇ ಕೊಟ್ಟದ್ದು," ಎಂದರು ಅತ್ತೆ. "ದಿನಾ ನನ್ನ ಕೈಯಾರೆ ಕೊಟ್ಟಿದ್ದೇನೆ."

ನೋಣಯ್ಯ ಯಜಮಾನರು ಸುಲಭದಲ್ಲಿ ಬಿಡುವವರಲ್ಲ. ಬೀಡಿಯ ಬೂದಿ ಕೊಡವಿ ಮುಂದೆ ಬಾಗಿದರು. "ಹಾಗೋ? ಬೆಂಕಿ ಒಂದೇ ಆದ್ರೆ ಒಲೆಯೂ ಒಂದೇ. ಒಲೆ ಒಂದೇ ಆದ್ರೆ ಮೀನು ಏರಿದ್ದು ನಿನ್ನ ಒಲೆಗೇ. ಕದ್ರಿ ದೇವರಿಗೆ ಹೇಳಿದ ಹರಕೆ ಎಂತ ಆಯ್ತು? ಮನೆ ಒಡೆದದ್ದಾ, ಹರಕೆ ಮುರಿದದ್ದಾ? ಯಾವುದು, ನೀನೇ ಹೇಳು."

ನನ್ನ ಮಾತನ್ನೇ ಹಿಡಿದು ನನ್ನನ್ನು ಕಟ್ಟಿಹಾಕಿದ್ದರು.

ಉತ್ತರ ಅತ್ತೆಯ ಹತ್ತಿರ ಇತ್ತು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಣ್ಣನ ಎದುರು ಬಂದು ನಿಂತರು. "ಅಣ್ಣ, ನಿಮ್ಮ ಬೀಡಿಗೆ ಬೆಂಕಿ ಎಲ್ಲಿಯದ್ದು?"

"ನೀನು ತಂದು ಕೊಟ್ಟೆಯಲ್ಲ, ಈ ಒಲೆಯದ್ದೇ."

"ಹಾಗಾದ್ರೆ ನನ್ನ ಒಲೆ ಬೀಡಿ ಸೇದಿತಾ?"

ಬೇಲಿಯ ಆಚೆ ಬಾಗಿ ಕಿಸಕ್ಕನೆ ನಕ್ಕಳು. ಯಜಮಾನರು ಬೀಡಿ ನೋಡಿದರು, ತಂಗಿಯ ಮುಖ ನೋಡಿದರು, ಮತ್ತೆ ಬೀಡಿ ನೋಡಿದರು.

ಅತ್ತೆ ನಿಲ್ಲಿಸಲಿಲ್ಲ. "ಕೆಂಡ ಒಳಗಿಂದ ಹೊರಗೆ ಹೋಗಿದೆ. ಮೀನು ಹೊರಗಿಂದ ಒಳಗೆ ಬರಲಿಲ್ಲ. ಮನೆಯೂ ಒಂದೇ ಉಂಟು, ಹರಕೆಯೂ ನಿಂತಿದೆ. ನನ್ನ ಮಗನ ಜೀವ ಉಳಿಸಿದ್ದು ದೇವರು, ಸರಿ. ಅವನ ಮೈಗೆ ಮಾಂಸ ಹಿಡಿಸಿದ್ದು ಯಾರು? ಅವನ ಕೆನ್ನೆ ನೋಡಿ. ನಾನು ಸೌತೆಕಾಯಿ ಬೇಯಿಸಿ ಬೇಯಿಸಿ ಒಳಗೆ ಕೂತು ಅಳ್ತಾ ಇದ್ದಾಗ ಇವಳು ಅಂಗಳದಲ್ಲಿ ಅವನನ್ನು ಬದುಕಿಸಿದಳು. ಆ ಡಬ್ಬಕ್ಕೆ ಯಾರಾದ್ರೂ ಕೈ ಹಾಕಿ ನೋಡ್ಲಿ!"

ಅತ್ತೆ ಒಳಗೆ ಕೂತು ಅಳುತ್ತಿದ್ದರು ಎಂಬುದು ನನಗೆ ಗೊತ್ತಾದದ್ದೇ ಆವಾಗ.

ಯಜಮಾನರು ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದರು. ಆಮೇಲೆ ಚೊಂಬು ಎತ್ತಿ, ಅಷ್ಟು ಹೊತ್ತು ಮುಟ್ಟದೆ ಇಟ್ಟಿದ್ದ ನೀರನ್ನು ಗಟಗಟ ಕುಡಿದರು. "ಹಸಿವಾಗ್ತಾ ಉಂಟು. ಎಲೆ ಹಾಕಿ."

ಎಲೆ ಹಾಕಿದೆ. ಅತ್ತೆ ಒಳಗಿನಿಂದ ಕುಚ್ಚಲಕ್ಕಿ ಅನ್ನ ತಂದು ಬಡಿಸಿದರು. ನಾನು ಹೊರಗಿನಿಂದ ಮೀನಿನ ಪದಾರ್ಥ ತಂದು ಬಡಿಸಿದೆ. ಮೊದಲ ತುತ್ತಿಗೆ ಯಜಮಾನರ ಹುಬ್ಬು ಮೇಲೇರಿತು. ಎರಡನೆಯ ತುತ್ತಿಗೆ ಕಣ್ಣು ಮುಚ್ಚಿತು. ಒಂದು ಬಂಗುಡೆಯ ಮುಳ್ಳು ಎಲೆಯ ಬದಿಗೆ ಹೋಯಿತು, ಇನ್ನೊಂದರದ್ದೂ ಹೋಯಿತು.

"ರತ್ನಾವತೀ, ನಮ್ಮ ಅಮ್ಮ ಹೋದ ಮೇಲೆ ಇಂಥ ಪದಾರ್ಥ ಉಣ್ಣಲಿಲ್ಲ. ನಿನ್ನ ಕೈಗೂ ಇಷ್ಟು ರುಚಿ ಇರಲಿಲ್ಲವಲ್ಲ?"

ಅತ್ತೆಯ ಕೈರುಚಿಗೆ ಹಾಗೆ ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಅತ್ತೆಯ ಮುಖ ಕೆಂಪಾಯಿತು. ಆದರೆ ಅವರು ತಿರುಗಿದ್ದು ಅಣ್ಣನ ಕಡೆಗಲ್ಲ, ಬೇಲಿಯ ಕಡೆಗೆ.

"ಬಾಗೀ! ಊರಿಗೆಲ್ಲ ಸುದ್ದಿ ಹೇಳ್ತಿಯಲ್ಲ, ಇದನ್ನೂ ಹೇಳು. ಸಂಕ್ರಮಣ ಕಳೆದ ಮರುದಿನ ನಿನ್ನ ಬುಟ್ಟಿಯ ಒಳ್ಳೆಯ ಬಂಗುಡೆ ಮೊದಲು ಇಲ್ಲಿಗೆ ತರಬೇಕು. ಒಳಗಿನ ಒಲೆಗೆ ಮೀನು ಇಡುವುದು ನನ್ನ ಸೊಸೆ ಹೇಮಾಕ್ಷಿ. ನಾನು ಕೂತು ಉಣ್ತೇನೆ."

ನನ್ನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಪುರುಸೊತ್ತು ಇರಲಿಲ್ಲ. ಒಂದು ಕೈಯಲ್ಲಿ ಬಿಸಲೆ, ಇನ್ನೊಂದು ಕೈಯಲ್ಲಿ ಸೌಟು, ಎದುರಿಗೆ ಯಜಮಾನರು ಅನ್ನದ ನಡುವೆ ಗುಂಡಿ ಮಾಡಿಕೊಂಡು ಕಾಯುತ್ತಿದ್ದರು.