ರೇವವ್ವನ ಕೊಡಸಿಗೆ ಕಷಾಯ

ಮೊರಬದ ಮಡಿವಾಳೆಪ್ಪನಿಗೆ ಆಮಶಂಕೆ ಹತ್ತಿ ಆರು ತಿಂಗಳಾಗಿತ್ತು. ಎತ್ತಿನಂಥ ಮೈ ಇಳಿದು ಧೋತರ ಸೊಂಟದಲ್ಲಿ ನಿಲ್ಲದಂತಾಗಿತ್ತು. ಹೆಂಡತಿ ರೇವವ್ವ ತವರೂರು ತಂಬೂರಿನಿಂದ ಕೊಡಸಿಗೆ ಗಿಡದ ತೊಗಟೆ ತರಿಸಿ ಕಷಾಯ ಕಾಸಿ ಕೊಡುತ್ತಿದ್ದಳು. ಅವಳ ಅಜ್ಜಿಯ ಕಾಲದಿಂದ ಎಷ್ಟೋ ಹೊಟ್ಟೆಗಳನ್ನು ಕಾಯ್ದ ಔಷಧ ಅದು. ಕುಡಿದರೆ ಎಂಟು ದಿನ ಆರಾಮ. ಆಮೇಲೆ ಮತ್ತೆ ಅದೇ ನುಲಿತ, ಅದೇ ರಕ್ತ. ಶಿವ ಶಿವಾ ಎನ್ನುತ್ತ ಆಕೆ ಮತ್ತೆ ಒಲೆ ಹಚ್ಚುವಳು.

"ನಿನ್ನ ತೊಗಟಿ ಸತ್ವ ಹೋಗೇತಬೇ ರೇವವ್ವ," ಎಂದು ಬಾಜೂಮನೆಯ ಗೂಳಪ್ಪ ಚುಚ್ಚಿದ. "ಮಡಿವಾಳೆಪ್ಪಗ ತಂಬಿಗಿ ಕೆಳಗಿಡಾಕ ಪುರಸೊತ್ತಿಲ್ಲ!"

ರೇವವ್ವನಿಗೆ ಮಾತು ನಾಟಿತು. ಅದಕ್ಕಿಂತ ಹೆಚ್ಚಾಗಿ ಗಂಡ ಉಳಿಯುತ್ತಾನೋ ಇಲ್ಲವೋ ಎಂಬ ಭಯ ಕಾಡಿತು.

ಮರುದಿನ ನರ್ಸು ದ್ವಾರಕಾಬಾಯಿ ಮನೆಮನೆ ತಿರುಗುತ್ತ ಬಂದರು.

"ಬಾಯಾರ, ನೀವೂ ನನ್ನ ಔಷಧ ಚೆಲ್ಲು ಅಂತೀರೇನ್ರಿ?"

"ಯಾಕ ಚೆಲ್ಲತೀರಿ? ಈ ತೊಗಟಿ ಗುಣಾ ದೊಡ್ಡ ದವಾಖಾನಿಯವರೂ ಪರೀಕ್ಷಾ ಮಾಡ್ಯಾರ. ಆದ್ರ ನಂಬಿ ಕೂತ್ರ ಸಾಲದು, ಕಣ್ಣಿಲೆ ನೋಡೂಣು. ನಾಳೆ ಮುಂಜಾನೆ ಯಜಮಾನರ ಮಲ ಒಂದು ಡಬ್ಬ್ಯಾಗ ಹಾಕಿ ನವಲಗುಂದದ ದವಾಖಾನಿಗೆ ತರ್ರಿ."

"ಅಯ್ಯ! ಅದನ್ನ ಬಸ್ಸಿನ್ಯಾಗ ಒಯ್ಯೂದೇನ್ರಿ? ಮಂದಿ ನಗತಾರ!"

"ನಗಲಿ. ನಕ್ಕವರೂ ನಾಳೆ ಡಬ್ಬಿ ಹುಡಕತಾರ."

ದವಾಖಾನೆಯಲ್ಲಿ ಡಾಕ್ಟರು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬರಿಗಣ್ಣಿಗೆ ಕಾಣದ ಆಮಶಂಕೆಯ ಹುಳು ಅಲ್ಲಿತ್ತು. "ಹದಿನೈದು ದಿನ ಕಷಾಯ ಕುಡಿಸಿ ಮತ್ತ ತೋರಸ್ರಿ. ಹುಳಾ ಹೋಗದಿದ್ರ ಗುಳಿಗಿ ಕೊಡ್ತೀನಿ. ನಡುವ ರಕ್ತ ಹೆಚ್ಚಾದ್ರ ಆವತ್ತಽ ಬರ್ರಿ," ಎಂದರು.

ಕಷಾಯ ಮಾಡುವ ಬಗೆಯನ್ನು ನೋಡಲು ದ್ವಾರಕಾಬಾಯಿ ಒಲೆಯ ಮುಂದೆ ಕುಳಿತರು. ರೇವವ್ವ ತೊಗಟೆ ಜಜ್ಜಿ, ನೀರು ಅರ್ಧಕ್ಕಿಳಿಯುವ ತನಕ ಕುದಿಸಿ ಸೋಸಿದಳು. ಆಮೇಲೆ ತಾಮ್ರದ ಕೊಡದಿಂದ ತಣ್ಣೀರು ತೆಗೆದು ಬಟ್ಟಲಿಗೆ ಸುರಿದಳು.

"ನಿಲ್ಲರಿ! ಅದೇನು?"

"ಕೆರಿ ನೀರ್ರಿ. ಕಷಾಯ ಉಷ್ಣ ಅಲ್ಲೇನ್ರಿ, ತಂಪಾಗಲಿ ಅಂತ. ಮೂರು ಪದರ ಅರಿವ್ಯಾಗ ಸೋಸೀನಿ. ಇದಽ ನೀರಿಲೆ ಲಿಂಗಪೂಜಿ ಮಾಡ್ತೀನಿ."

"ನಿಮ್ಮ ಭಕ್ತಿಗೆ ಕೈ ಮುಗೀತೀನಿ, ರೇವವ್ವ. ಆದ್ರ ಅರಿವಿ ಕಸಾ ತಡೀತದ, ಈ ಹುಳಾ ತಡಿಯೂದಿಲ್ಲ. ಔಷಧ ಹೊರಗ ಹಾಕಿದ್ದನ್ನ ನೀರು ಮತ್ತ ಒಳಗ ಕರಕೊಂಡು ಬರ್ತದ."

ರೇವವ್ವನ ಕೈ ಅಲ್ಲೇ ನಿಂತಿತು. ಆರು ತಿಂಗಳು ತನ್ನ ಕೈಯಾರೆ! ಆಕೆ ಬಟ್ಟಲನ್ನು ಹಿತ್ತಲಿಗೆ ಚೆಲ್ಲಿ, ಹೊಸ ತೊಗಟೆ ಜಜ್ಜಿದಳು. ಅಂದಿನಿಂದ ಆ ಮನೆಯಲ್ಲಿ ಕುಡಿಯುವ ನೀರೆಲ್ಲ ಕಳಕಳ ಕುದ್ದು, ಮುಚ್ಚಿದ ಪಾತ್ರೆಯಲ್ಲಿ ಆರತೊಡಗಿತು.

ಹದಿನೈದನೆಯ ದಿನ ಡಾಕ್ಟರು ಬಹಳ ಹೊತ್ತು ನೋಡಿದರು. ಹುಳು ಇರಲಿಲ್ಲ. ತಿಂಗಳ ಮೇಲೆ ನೋಡಿದಾಗಲೂ ಇರಲಿಲ್ಲ. ರೊಟ್ಟಿ ಉಂಡು ಎದ್ದ ಮಡಿವಾಳೆಪ್ಪ, "ಈ ಕುದಿಸಿದ ನೀರು ಅಗದಿ ಸಪ್ಪಗ ಐತಿಬೇ," ಎಂದು ಗೊಣಗಿದ.

"ನೀರು ಸಪ್ಪಗರ ಇರಲಿ, ನೀವು ಇರ್ರಿ," ಎಂದಳು ರೇವವ್ವ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಹಿರಿಯರು ಕೊಟ್ಟ ಗಿಡಮೂಲಿಕೆಯನ್ನು ಹಗುರವಾಗಿ ಕಾಣಬೇಡಿ. ಅದನ್ನು ಪರೀಕ್ಷೆಗೆ ಒಡ್ಡಲು ಅಂಜಲೂ ಬೇಡಿ. ಮಲದಲ್ಲಿ ರಕ್ತ ಕಂಡರೆ, ಕೂಸಿಗೆ ಭೇದಿಯಾದರೆ ಮನೆಯಲ್ಲೇ ಕಾಯಬೇಡಿ, ದವಾಖಾನೆಗೆ ಹೋಗಿ. ಕೆರೆಯ ನೀರನ್ನು ಸೋಸಿರಿ, ಸೋಸಿದ ಮೇಲೆ ಕುದಿಸಿರಿ. ಇಂದೇ ಆಗಲಿ, ಈ ಓದು ಮುಗಿದ ಕೂಡಲೇ.