ಹಿಂದಿನ ಆಕ್ಸಲ್ ಎಷ್ಟು ಟನ್ನಿನದು?

ಇಪ್ಪತ್ತು ವರ್ಷ ಬೇರೆಯವರ ಲಾರಿ ಓಡಿಸಿದ ಡ್ರೈವರಣ್ಣ ಕೊನೆಗೂ ಸ್ವಂತಕ್ಕೊಂದು ಲಾರಿ ಬುಕ್ ಮಾಡಿದ್ದ. ಕಲ್ಲುಚಪ್ಪಡಿ ಸಾಗಿಸುವ ಲಾರಿ. ಚಪ್ಪಡಿ ಇಳಿಸಲು ಹಿಂದಿನ ತುದಿಯಲ್ಲೊಂದು ಕ್ರೇನು, ಈಗ ಓಡಿಸುತ್ತಿದ್ದ ಸಾಹುಕಾರರ ಲಾರಿಯಲ್ಲಿ ಇರುವ ಹಾಗೇ. ಹಿಂದಿನ ಆಕ್ಸಲ್, ಅಂದರೆ ಹಿಂದಿನ ಗಾಲಿಗಳ ಅಚ್ಚು, ಹತ್ತು ಟನ್ ಹೊರುವುದು ಬೇಕೋ, ಹದಿಮೂರು ಟನ್ ಹೊರುವುದೋ ಎಂದು ಶೋರೂಮಿನವರು ಕೇಳಿದಾಗ ಹಿಂದೆಮುಂದೆ ನೋಡದೆ ಹತ್ತು ಅಂದಿದ್ದ. ಬದಲಾಯಿಸುವುದಿದ್ದರೆ ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಹೇಳಬೇಕಿತ್ತು.

ಅವನ ಹೆಂಡತಿ ಕ್ವಾರಿಯ ಗೇಟಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ನೋಡಿಕೊಳ್ಳುವವಳು. ಗಂಡ ಸಾಹುಕಾರರ ಲಾರಿಯನ್ನು ಲೋಡು ಮಾಡಿಸಿ ತಂದು ನಿಲ್ಲಿಸಿದ್ದೇ ಕಿಟಕಿಯಿಂದ ತಲೆ ಹಾಕಿದಳು.

"ರೀ, ಹತ್ತು ಸಾಕಾ?"

"ಒಟ್ಟು ಹದಿನಾರು ದಾಟಲ್ಲ ಕಣೇ. ಮುಂದೆ ಅರ್ಧ, ಹಿಂದೆ ಅರ್ಧ. ಹತ್ತು ಅಂದ್ರೆ ಜಾಸ್ತಿನೇ ಆಯ್ತು."

"ಬಾಲದಲ್ಲಿ ಜೋತುಬಿದ್ದಿರೋ ಕ್ರೇನು? ಅದೂ ಅರ್ಧ ಅರ್ಧ ಹಂಚ್ಕೊಳ್ಳುತ್ತಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಇವನದು. "ನೀನು ತೂಕ ಮಾಡು, ಲಾರಿ ವಿಷಯ ನಂಗೆ ಬಿಡು" ಅಂದ.

ತೂಕವನ್ನೇ ಮಾಡಿದಳು. ಇಡೀ ಲಾರಿ ಹದಿನೈದೂವರೆ ಟನ್. ಎಂದಿನಂತೆ ತೂಕದ ಚೀಟಿ ಹರಿದು ಕೊಡುವ ಬದಲು, ಹಿಂದಕ್ಕೆ ತೆಗೆದು ಮುಂದಿನ ಗಾಲಿ ಮಾತ್ರ ಹತ್ತಿಸಿ ಅಂದಳು. ಈ ಗೇಟಿನಲ್ಲಿ ಹಾಗೆ ಯಾರೂ ಯಾವತ್ತೂ ಕೇಳಿರಲಿಲ್ಲ. ಒಟ್ಟು ಲೆಕ್ಕ ಸರಿ ಇದ್ದರೆ ಚೀಟಿ, ಚೀಟಿ ಇದ್ದರೆ ರಸ್ತೆ. ಗೊಣಗುತ್ತಲೇ ಹತ್ತಿಸಿದ.

ಮೂರೂವರೆ ಟನ್.

ಉಳಿದ ಹನ್ನೆರಡೂ ಹಿಂದಿನ ಆಕ್ಸಲ್ ಮೇಲೆ. ಈ ಲಾರಿಯದೂ ಹತ್ತು ಟನ್ನಿನದೇ!

ಹನ್ನೆರಡು ಅನ್ನುವುದಕ್ಕಿಂತ ಆ ಮೂರೂವರೆಯೇ ಡ್ರೈವರಣ್ಣನನ್ನು ಹೆದರಿಸಿತು. ಲೋಡಾದಾಗ ಸ್ಟೀರಿಂಗ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುಗುತ್ತದೆ ಎಂದು ಊರೆಲ್ಲ ಕೊಚ್ಚಿಕೊಂಡಿದ್ದ. ಅದು ತನ್ನ ಕೈಗುಣ ಎಂದೇ ನಂಬಿದ್ದ. ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ಬಾಲದ ಭಾರಕ್ಕೆ ಮೂತಿ ಎದ್ದು, ಮುಂದಿನ ಗಾಲಿಗಳು ರಸ್ತೆಯನ್ನು ಸರಿಯಾಗಿ ಕಚ್ಚುತ್ತಲೇ ಇರಲಿಲ್ಲ. ಕ್ವಾರಿಯ ಇಳಿಜಾರಿನ ಏಳು ತಿರುವುಗಳೂ ಒಂದೊಂದಾಗಿ ಕಣ್ಣ ಮುಂದೆ ಬಂದವು.

ಶೋರೂಮಿಗೆ ಫೋನ್ ಮಾಡಿದ. ಹನ್ನೊಂದೂ ಮುಕ್ಕಾಲು. "ಹದಿಮೂರು ಹಾಕಿ ಸಾರ್. ಕ್ರೇನನ್ನ ಬಾಲದಿಂದ ತೆಗೆದು ಕ್ಯಾಬಿನ್ ಬೆನ್ನಿಗೇ ತಂದ್ಬಿಡಿ. ಇನ್ನೂ ಆಗುತ್ತಾ?"

ಆ ಕಡೆಯವನು ಹಾಳೆ ಮಗುಚುವ ಸದ್ದು.

"ಆಗುತ್ತೆ. ನಾಳೆ ಜೋಡಿಸೋರಿದ್ರು."

ಹೋದ ಜೀವ ಬಂದಂತಾಯಿತು. ಸಾಹುಕಾರರಿಗೂ ಫೋನ್ ಮಾಡಿ, ಅರ್ಧ ಲೋಡು ಇಳಿಸದೆ ಇವತ್ತು ಗಾಡಿ ಅಲ್ಲಾಡುವುದಿಲ್ಲ ಎಂದು ಹೇಳಿಯೇಬಿಟ್ಟ. ಬೈಗುಳ ಧಾರಾಳವಾಗಿ ಸಿಕ್ಕಿತು. ಬೇಜಾರಾಗಲಿಲ್ಲ.

ನಗುತ್ತಾ ಕಿಟಕಿಯ ಹತ್ತಿರ ಬಂದರೆ ಹೆಂಡತಿ ಅಳುತ್ತಿದ್ದಳು.

"ಏನಾಯ್ತೇ? ಎಲ್ಲ ಸರಿಹೋಯ್ತಲ್ಲ!"

"ಹನ್ನೊಂದು ವರ್ಷದಿಂದ ದಿನಾ ಚೀಟಿ ಕೊಟ್ಟು, ಸರಿಯಾಗಿದೆ ಹೋಗ್ಬನ್ನಿ ಅಂದವಳು ನಾನೇ ಅಲ್ವೇನ್ರೀ?"

ಕಿಟಕಿಯೊಳಗೆ ಕೈ ಚಾಚಿ ಅವಳ ಕೈ ಹಿಡಿದುಕೊಂಡ.

"ಬರ್ತಿದ್ನಲ್ಲ," ಅಂದ. "ದಿನಾ ವಾಪಸ್ ಬರ್ತಿದ್ನಲ್ಲ."